ಹಾಲುಕಟ್ಟೆಯ ಹಳದಿ ಹೂ

ಗುಬ್ಬಿಯಿಂದ ತುಮಕೂರಿಗೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿದ್ದರೂ ಸುಬ್ಬಲಕ್ಷ್ಮಮ್ಮನಿಗೆ ಹೊರಗೆ ನೋಡಬೇಕೆನ್ನಿಸಲಿಲ್ಲ. ತೊಡೆಯ ಮೇಲೆ ಮಡಿಸಿದ ಶಾಲು, ಅದರ ಮೇಲೆ ಹಣ್ಣಿನ ಬುಟ್ಟಿ. ಬಸ್ಸು ಕುಲುಕಿದಾಗಲೆಲ್ಲ ಬುಟ್ಟಿಗೆ ಸುತ್ತಿದ ಪ್ಲಾಸ್ಟಿಕ್ ಹಾಳೆ ಸರಬರ ಎನ್ನುತ್ತಿತ್ತು, ಎದುರು ಸೀಟಿನವರು ತಿರುಗಿ ನೋಡುತ್ತಿದ್ದರು. ಆಧಾರ್ ಕಾರ್ಡು ನೋಡಿ ಟಿಕೆಟ್ ಹರಿದುಕೊಟ್ಟ ಕಂಡಕ್ಟರ್ "ಏನ್ ಮೇಡಂ, ಫಂಕ್ಷನ್ನಾ?" ಎಂದಾಗ "ಹೂಂ, ಕೆರೆ ಸ್ವಚ್ಛತಾ ಕಾರ್ಯಕ್ರಮ. ನಾನೇ ಮುಖ್ಯ ಅತಿಥಿ" ಎಂದುಬಿಟ್ಟಳು. ಅವನು ಅಷ್ಟು ಕೇಳಿರಲಿಲ್ಲ. ಅವನಾಗಲೇ ಹಿಂದಿನ ಸೀಟಿಗೆ ಹೋಗಿದ್ದ. ಹೇಳಿದ ಮಾತು ಮಾತ್ರ ಅಲ್ಲೇ ಉಳಿದು, ಉತ್ತರವಿಲ್ಲದೆ ತನ್ನನ್ನೇ ನೋಡುತ್ತಿದೆ ಎನ್ನಿಸಿ ಅವಳು ಬುಟ್ಟಿಯನ್ನು ಇನ್ನೊಂದು ಮಗ್ಗುಲಿಗೆ ಸರಿಸಿಕೊಂಡಳು. ಸನ್ಮಾನವೇನೋ ಚೆನ್ನಾಗಿಯೇ ಆಯಿತು. ಮೈಸೂರು ಪೇಟ ತಲೆಗೆ ಸಡಿಲವಾಗಿ ಹುಬ್ಬಿನವರೆಗೆ ಇಳಿದಾಗ ಯಾರೂ ನಗಲಿಲ್ಲ. ಮಾತಾಡಿದ್ದೂ ಚೆನ್ನಾಗಿಯೇ ಆಯಿತು, ಚಪ್ಪಾಳೆ ಬಿತ್ತು. ಮತ್ತೆ ಯಾಕೆ ಹೀಗೆ ಎದೆಯಲ್ಲಿ ಏನೋ ಸಿಕ್ಕಿಕೊಂಡ ಹಾಗೆ, ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿದರೆ ಹೀಗಾಗುತ್ತದೆಂದು ಹೇಳುವುದನ್ನು ಕೇಳಿದ್ದಳು, ತಾನು ಮೀನು ತಿಂದವಳಲ್ಲ.

ಸಿಕ್ಕಿಕೊಂಡದ್ದು ಜೈಬಾಳ ಮುಖ. ಬೆಳಿಗ್ಗೆ ಹಾಲುಕಟ್ಟೆ ಕೆರೆಯ ಏರಿಯ ಮೇಲೆ ಶಾಮಿಯಾನ ಹಾಕಿ, ಮೈಕು ಕಟ್ಟಿ, ಊರಿನವರೆಲ್ಲ ಸೇರಿದ್ದರು. ಕೆರೆ ಸಮಿತಿಯ ಅಧ್ಯಕ್ಷ ಹನುಮಂತರಾಜು, ಈಗ ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ, ಒಂದು ಕಾಲಕ್ಕೆ ಸುಬ್ಬಲಕ್ಷ್ಮಮ್ಮ ಸಸ್ಯಶಾಸ್ತ್ರ ಕಲಿಸುತ್ತಿದ್ದ ಪಿಯುಸಿ ತರಗತಿಯ ಕೊನೆಯ ಬೆಂಚಿನವನು. ಅದೇ ಕಾಲೇಜಿನಲ್ಲಿ ಅವನಿಗಿಂತ ಎಷ್ಟೋ ವರ್ಷ ಆಮೇಲೆ ಮೊದಲ ಬೆಂಚಿನಲ್ಲಿ ಕೂತಿದ್ದವಳು ಜೈಬಾ, ಮಸೀದಿ ಪಕ್ಕದ ಮನೆಯ ಹುಡುಗಿ. ಈಗ ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನಿವೃತ್ತಳಾಗಿ ತುಮಕೂರಿನ ಶೆಟ್ಟಿಹಳ್ಳಿಯ ಮನೆಯಲ್ಲಿ ಕೂತಿದ್ದ ತನ್ನ ಮೇಡಂ ಅನ್ನು ಮುಖ್ಯ ಅತಿಥಿಯಾಗಿ ಕರೆಸಬೇಕೆಂದು ಸಮಿತಿಯವರ ಮುಂದೆ ಹಟ ಹಿಡಿದಿದ್ದವಳೂ ಅವಳೇ. ಸುಬ್ಬಲಕ್ಷ್ಮಮ್ಮನ ಮಾತು ಮುಗಿಯುವ ಹೊತ್ತಿಗೆ ಹನುಮಂತರಾಜು ನೀರಿನಂಚಿನಿಂದ ಹಸಿರು ಎಳೆಗಳ ಒಂದು ಗೊಂಚಲು ಎತ್ತಿ ತೋರಿಸಿ, "ಮೇಡಮ್ಮೋರೆ, ಕೆರೆ ತುಂಬಾ ಇದೇ ಹಬ್ಬ್ಕೊಂಡದೆ. ಇದೇನು ಅಂತ ಒಂದ್ ಮಾತು ಹೇಳ್ಬುಡಿ" ಎಂದ. ಏರಿ ಇಳಿಯಲು ಮಂಡಿನೋವು, ಮೈಮೇಲೆ ಹೊಸ ಸೀರೆ. ಅವಳು ಮೇಲಿನಿಂದಲೇ ನೋಡಿದಳು. ನವಿರಾಗಿ ಸೀಳಿದ ಎಲೆ. ಹೋದ ವಾರವಷ್ಟೇ ಪೇಪರಿನಲ್ಲಿ ಓದಿದ್ದು ನಾಲಿಗೆಗೆ ಬಂತು. "ಇದು ಕಬೊಂಬಾ. ಅಕ್ವೇರಿಯಂ ಅಂಗಡೀಲಿ ಮಾರ್ತಾರಲ್ಲ, ಅದು. ನಮ್ಮ ನೆಲದ್ದಲ್ಲ, ಹೊರಗಿಂದ ಬಂದಿದ್ದು. ಹೀಗೇ ಬಿಟ್ಟರೆ ನಮ್ಮ ಕೆರೇಲಿ ನಮ್ಮದು ಅನ್ನೋದೇ ಉಳಿಯಲ್ಲ. ಬೇರು ಸಮೇತ ಕಿತ್ತು ಹಾಕಿ." ಆಗಲೇ ಆ ಚಪ್ಪಾಳೆ. ಒಂದು ಗಿಡದ ಹೆಸರಿಗೆ ಬೀಳಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಬಿತ್ತು. ಹಿಂದೆ ನಿಂತಿದ್ದ ಹುಡುಗರು ಶಿಳ್ಳೆ ಹಾಕಿದರು. ಜೈಬಾ ಏನೋ ಹೇಳಲು ಬಾಯಿ ತೆರೆದವಳು, "ಮೇಡಂ, ಆ ಹೂವು…" ಎಂದಳು. "ಹೂವೆಲ್ಲ ಆಮೇಲಮ್ಮ" ಎಂದು ತಾನು ಮೈಕಿನಲ್ಲೇ ನಕ್ಕಿದ್ದಳು. ಜನರೂ ನಕ್ಕರು. ಜೈಬಾ ದುಪಟ್ಟಾದ ಅಂಚನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡು ನೀರಿನ ಕಡೆ ನೋಡಿದಳು. ಆಗ ಅದು ವಿದ್ಯಾರ್ಥಿನಿಯ ಸಂಕೋಚವಾಗಿ ಕಂಡಿತ್ತು. ಈಗ ಬಸ್ಸಿನಲ್ಲಿ, ಹೊರಗಿನದು, ಕಿತ್ತು ಹಾಕಿ ಎಂಬ ತನ್ನ ಮಾತು, ಆ ಶಿಳ್ಳೆ, ನೀರಿನ ಕಡೆ ತಿರುಗಿದ ಆ ಮುಖ, ಮೂರೂ ಒಂದೇ ದಾರದಲ್ಲಿ ಪೋಣಿಸಿದಂತೆ ಸುಬ್ಬಲಕ್ಷ್ಮಮ್ಮನಿಗೆ ಕಂಡವು. ನಾನು ಹೇಳಿದ್ದು ಗಿಡದ ವಿಷಯ, ಗಿಡದ್ದು ಮಾತ್ರ, ಎಂದು ಒಳಗೇ ವಾದಿಸಿದಳು. ವಾದ ಮಾಡಬೇಕಾಗಿ ಬಂದದ್ದೇ ಸರಿಯೆನ್ನಿಸಲಿಲ್ಲ.

ಕೇಳಿದ ತಕ್ಷಣ ಉತ್ತರ ಕೊಡುವುದು ಅವಳಿಗೆ ಹುಟ್ಟೂರು ಬೆಳ್ಳಾವಿಯಲ್ಲಿ ಹತ್ತಿದ ಚಾಳಿ. ಕಾಲೇಜು ಮೆಟ್ಟಿಲು ಹತ್ತಿದ ಆ ಬೀದಿಯ ಮೊದಲ ಹುಡುಗಿ. ಗಿಡ ಓದೋಕೂ ಕಾಲೇಜಾ, ನಮ್ ತೋಟಕ್ಕೆ ಕಳ್ಸು, ನಾವೇ ಕಲಿಸ್ತೀವಿ ಎಂದು ನಕ್ಕವರ ಎದುರಿಗೆ ಅಪ್ಪ ಪುಟ್ಟರಂಗಯ್ಯ ಅವಳನ್ನು ಕರೆದು ನಿಲ್ಲಿಸುತ್ತಿದ್ದ. "ಕೇಳ್ರಲಾ, ಯಾವ್ ಗಿಡ ಬೇಕಾದ್ರೂ ಕೇಳಿ. ಇಂಗ್ಲಿಷಲ್ಲಿ ಹೇಳ್ತಳೆ." ಅವರು ಬೇಲಿಯಲ್ಲಿದ್ದದ್ದನ್ನೆಲ್ಲ ಕಿತ್ತು ತಂದು ಮೂಗಿಗೆ ಹಿಡಿಯುತ್ತಿದ್ದರು. ಗೊತ್ತಿದ್ದರೆ ಗೊತ್ತಿದ್ದದ್ದು, ಗೊತ್ತಿಲ್ಲದಿದ್ದರೆ ನಾಲಿಗೆಗೆ ಬಂದ ಲ್ಯಾಟಿನ್ನು. ಅಪ್ಪನ ಮೀಸೆ ಕುಣಿಯುತ್ತಿದ್ದದ್ದು ಎರಡಕ್ಕೂ ಒಂದೇ ಸಮ. ಗೊತ್ತಿಲ್ಲ ಎಂದು ಒಂದು ಸಲ ಅಂದಿದ್ದರೂ ಆ ಬೀದಿಯ ಉಳಿದ ಹೆಣ್ಣುಮಕ್ಕಳ ಓದು ಅಲ್ಲಿಗೇ ನಿಂತುಹೋಗುತ್ತಿತ್ತು ಎಂದು ಅವಳು ಎಷ್ಟೋ ವರ್ಷ ನಂಬಿದ್ದಳು. ಅದರಲ್ಲಿ ಸುಳ್ಳೂ ಇರಲಿಲ್ಲ. ಕಾಲೇಜಿನಲ್ಲೂ ಹಾಗೇ. ಸಹೋದ್ಯೋಗಿ ಗಂಡಸರು 'ನೋಡಿ ಹೇಳ್ತೀನಿ' ಅಂದರೆ ಅದು ವಿದ್ವತ್ತು, ತಾನು ಅಂದರೆ ತಯಾರಿಯಿಲ್ಲದೆ ಬಂದ ಹೆಂಗಸು. ಹಾಗಾಗಿ ಅವಳು ಎಂದೂ ಅನ್ನಲಿಲ್ಲ.

ಬಸ್ಸು ಬಿ.ಎಚ್. ರಸ್ತೆಗೆ ಬಿದ್ದು ವೇಗ ಹಿಡಿಯಿತು. ಬಾಯಾರಿಕೆಯಾಗಿ ಬ್ಯಾಗಿಗೆ ಕೈ ಹಾಕಿದರೆ ತನ್ನದಲ್ಲದ ಒಂದು ನೀರಿನ ಬಾಟಲಿ ಸಿಕ್ಕಿತು. ಹೊರಡುವಾಗ ಜೈಬಾ ಬಸ್ಸಿನವರೆಗೆ ಬಂದು ಬ್ಯಾಗು ಎತ್ತಿಕೊಡುತ್ತ "ಒಳಗೊಂದು ಬಾಟ್ಲಿ ಇಟ್ಟಿದೀನಿ ಮೇಡಂ. ಕುಡಿಯೋದಲ್ಲ. ಮನೆಗೆ ಹೋಗಿ ಆರಾಮಾಗಿ ನೋಡಿ" ಎಂದಿದ್ದಳು. ಕಾಣಿಕೆಯೋ ಏನೋ ಎಂದುಕೊಂಡು ತಲೆಯಾಡಿಸಿದ್ದಳು. ಕೆರೆಯ ನೀರು, ನೀರಿನಲ್ಲಿ ಆ ಗಿಡದ ಒಂದೇ ಒಂದು ಎಳೆ. ಕಿಟಕಿಯ ಬಿಸಿಲಿಗೆ ಹಿಡಿದಳು. ಬಾಟಲಿಯ ಉಬ್ಬಿದ ಮೈ ಆ ಎಳೆಯನ್ನು ದೊಡ್ಡದು ಮಾಡಿ ತೋರಿಸಿತು. ಎಲೆಗಳು ಕವಲೊಡೆದು, ಕವಲು ಮತ್ತೆ ಕವಲೊಡೆದು ಕೂದಲಿನಷ್ಟು ಸಣ್ಣಗಾಗಿದ್ದವು. ಆ ಕೂದಲುಗಳ ತುಂಬ ಗಸಗಸೆಯಷ್ಟು ಗುಳ್ಳೆಗಳು. ಕೆಲವು ನೀರಿನಷ್ಟೇ ತಿಳಿಯಾಗಿದ್ದವು, ಕೆಲವು ಕಪ್ಪಗಿದ್ದವು. ಕಪ್ಪಗಿದ್ದವು ಹೊಟ್ಟೆ ತುಂಬಿದವು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ, ಅವಳೇ ಅದನ್ನು ಸಾವಿರಾರು ಮಕ್ಕಳಿಗೆ ಹೇಳಿದ್ದಳು. ಯುಟ್ರಿಕ್ಯುಲೇರಿಯಾ. ಕೀಟ ತಿನ್ನುವ ನೀರಿನ ಗಿಡ. ಪ್ರತಿ ವರ್ಷ ಬೋರ್ಡಿನ ತುಂಬ ಒಂದು ಗುಳ್ಳೆಯನ್ನು ಕುಂಬಳಕಾಯಿಯಷ್ಟು ದೊಡ್ಡದಾಗಿ ಬರೆದು, ಇಲ್ಲಿ ಬಾಗಿಲು, ಬಾಗಿಲ ಮುಂದೆ ಮುಟ್ಟಿದರೆ ಸಾಕು ಎಚ್ಚರಗೊಳ್ಳುವ ಕೂದಲು, ಒಳಗೆ ಜೀರ್ಣರಸದ ಗ್ರಂಥಿ ಎಂದು ಬಣ್ಣಬಣ್ಣದ ಸೀಮೆಸುಣ್ಣದಲ್ಲಿ ತೋರಿಸಿದ್ದಳು. ಜೀವಂತ ಗಿಡವನ್ನು ಮಾತ್ರ ನೋಡಿರಲಿಲ್ಲ. ತಾನು ಕಲಿಸುತ್ತಿದ್ದ ಕುಣಿಗಲ್ ಕಾಲೇಜಿನ ಲ್ಯಾಬಿನಲ್ಲಿ ಫಾರ್ಮಲಿನ್ ಬಾಟಲಿಯೊಂದಿತ್ತು, ಅದರೊಳಗೆ ಬಣ್ಣ ಕಳೆದುಕೊಂಡ ಬಿಳಿ ದಾರದ ಮುದ್ದೆ. ಒಂದು ವರ್ಷ ಯಾರೋ ಹುಡುಗಿ ಎದ್ದು ನಿಂತು, ನೀವು ಇದನ್ನ ಕೆರೇಲಿ ನೋಡಿದೀರಾ ಮೇಡಂ ಎಂದು ಕೇಳಿದಳು. ಇಲ್ಲ ಎಂದದ್ದಕ್ಕೆ ತರಗತಿ ಗೊಳ್ಳೆಂದು ನಕ್ಕಿತ್ತು. ಕುಣಿಗಲ್ ದೊಡ್ಡಕೆರೆಯ ಏರಿಯ ಮೇಲೆ ಸಂಜೆ ಎಷ್ಟು ಸಲ ನಡೆದಿದ್ದಳು. ಬಗ್ಗಿ ನೋಡಿದ್ದರೆ ಸಿಗುತ್ತಿತ್ತೋ ಏನೋ.

ಖುಷಿ ಮೊದಲು ಬಂತು. ಎಂಥ ಖುಷಿಯೆಂದರೆ ಪಕ್ಕದಲ್ಲಿ ತೂಕಡಿಸುತ್ತಿದ್ದ ಹೆಂಗಸನ್ನು ಅಲುಗಿಸಿ, ನೋಡಿ ಇಲ್ಲಿ, ಇದೇ ಅದು, ಎಂದು ಹೇಳಬೇಕೆನ್ನಿಸಿತು. ನಾಚಿಕೆ ಅದರ ಬೆನ್ನಿಗೇ ಬಂತು. ಕಬೊಂಬಾಕ್ಕೆ ಗುಳ್ಳೆಯಿರುವುದಿಲ್ಲ. ಅದರ ಎಲೆ ಜೋಡಿಜೋಡಿಯಾಗಿ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ಹೂವು ಬಿಳಿ. ಹಾಲುಕಟ್ಟೆಯ ನಡುವೆ ನೀರಿನ ಮೇಲೆ ಹಳದಿ ಚುಕ್ಕೆಗಳನ್ನು ನಾನು ಕಂಡಿದ್ದೆ, ಕಂಡೂ ಬಿಟ್ಟೆ. ಬೇರು ಸಮೇತ ಕಿತ್ತು ಹಾಕಿ ಅಂದೆನಲ್ಲ, ಇದಕ್ಕೆ ಬೇರೇ ಇಲ್ಲ. ನೀರಿನಲ್ಲಿ ಹಾಗೇ ತೇಲಿಕೊಂಡು ಬದುಕುವ ಇದು ಇಲ್ಲಿಯದೇ, ಈ ಕೆರೆಗಳದ್ದೇ. ಜೈಬಾ ಅದನ್ನು ಜನರ ಮುಂದೆ ಹೇಳದೆ ಬಾಟಲಿಯಲ್ಲಿಟ್ಟು ಕಳಿಸಿದ್ದಾಳೆ, ಮನೆಯಲ್ಲಿ ಒಬ್ಬಳೇ ಇದ್ದಾಗ ತಿಳಿದುಕೊಳ್ಳಲಿ ಎಂದು. ಆ ಮರ್ಯಾದೆ ಅವಳನ್ನು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಊಟವಾದ ಮೇಲೆ ಜೆಸಿಬಿ ಬರುತ್ತದೆ ಎಂದು ಹನುಮಂತರಾಜು ಹೇಳಿದ್ದು ನೆನಪಾಗಿ ಫೋನು ತೆಗೆದಳು.

"ಜೈಬಾ, ನಿಂಗೆ ಗೊತ್ತಿತ್ತಾ?"

ಆ ಕಡೆಯ ಗದ್ದಲದ ನಡುವೆ ಜೈಬಾಳ ದನಿ, "ಗೊತ್ತಿತ್ತು ಮೇಡಂ."

"ಮತ್ತೆ ಯಾಕಮ್ಮ ಹೇಳ್ಲಿಲ್ಲ?"

"ನೀವೇ ಕಲಿಸಿದ್ದಲ್ವಾ ಮೇಡಂ. ನಿಮ್ಮನ್ನ ಕರೆಸಿದ್ದೂ ನಾನೇ. ಎಲ್ಲರ ಮುಂದೆ ಹೆಂಗೆ ಹೇಳ್ಲಿ?"

"ಜೆಸಿಬಿ ಬಂತಾ?"

"ಬಂದು ನಿಂತಿದೆ. ಡ್ರೈವರ್ ಊಟ ಮಾಡ್ತಿದಾನೆ."

"ನಿಲ್ಲಿಸು. ನಾನು ಹೇಳ್ದೆ ಅಂತ ಹೇಳು."

"ನೀವು ಹೊರಟಾಗಲೇ ಹೇಳ್ದೆ ಮೇಡಂ, ಒಂದಿನ ತಡೀರಿ ಅಂತ. ಅಷ್ಟು ದೊಡ್ಡ ಮೇಡಂ ಮೈಕಲ್ಲೇ ಹೇಳವ್ರೆ, ನೀನ್ಯಾರಮ್ಮ ತಡೆಯೋಕೆ ಅಂದ್ರು. ನನ್ ಮಾತು ಇಲ್ಲಿ ನಡೆಯಲ್ಲ ಮೇಡಂ." ಅಳುತ್ತಿರಲಿಲ್ಲ ಅವಳು. ಹವಾಮಾನ ಹೇಳಿದಷ್ಟು ಸಲೀಸಾಗಿ ಹೇಳಿದಳು.

ಮಲ್ಲಸಂದ್ರದ ಹತ್ತಿರ ಬಸ್ಸು ನಿಧಾನವಾದಾಗ ಸುಬ್ಬಲಕ್ಷ್ಮಮ್ಮ ಎದ್ದು ನಿಂತಳು. "ತುಮಕೂರು ಇನ್ನೂ ಬಂದಿಲ್ಲ ಮೇಡಂ" ಎಂದ ಕಂಡಕ್ಟರ್‌ಗೆ "ಗೊತ್ತಪ್ಪ" ಎಂದು ಇಳಿದಳು. ಇಳಿದ ಮೇಲೆ ರಸ್ತೆ ದಾಟದೆ ಫೋನು ಹಿಡಿದು ನಿಂತಳು. ಹನುಮಂತರಾಜುಗೆ ಒಂದು ಫೋನು ಮಾಡಿ, ಏನೋ ಇನ್ನೂ ಪರೀಕ್ಷೆ ಮಾಡಬೇಕು, ಲ್ಯಾಬಿಗೆ ಕಳಿಸಿ ನೋಡ್ತೀನಿ, ಅಲ್ಲಿಯವರೆಗೆ ಬೇಡ ಎಂದರೆ ಕೆಲಸವೂ ನಿಲ್ಲುತ್ತದೆ, ತಪ್ಪಾಯಿತು ಅನ್ನುವುದೂ ಬರುವುದಿಲ್ಲ. ನಾಲಿಗೆಯ ತುದಿಯಲ್ಲಿ ಆ ವಾಕ್ಯ ಪೂರ್ತಿ ತಯಾರಾಗಿತ್ತು. ವ್ಯಾಕರಣವೂ ಸರಿಯಾಗಿತ್ತು. ಆದರೆ ಹಾಗೆ ಹೇಳಿದರೆ ಕೆರೆಯಲ್ಲಿ ಗಿಡ ಉಳಿದೀತು, ಆ ಚಪ್ಪಾಳೆಯೂ ಅಲ್ಲೇ ಉಳಿಯುತ್ತದೆ. ನೀನ್ಯಾರಮ್ಮ ಎಂದು ಕೇಳಿದ ಬಾಯಿ ನಾಳೆಯೂ ಕೇಳುತ್ತದೆ. ತನ್ನ ಹೆಸರಿಗೆ ಇಷ್ಟು ತೂಕ ಬಂದದ್ದು ಯಾವುದಕ್ಕೆ, ಮತ್ತೊಬ್ಬಳ ಬಾಯಿ ಮುಚ್ಚಿಸುವುದಕ್ಕೋ? ಲಾರಿಯೊಂದು ಧೂಳೆಬ್ಬಿಸಿ ಹೋಯಿತು. ಹೊಸ ಸೀರೆಯ ನೆರಿಗೆ ಕೆಂಪಾಯಿತು. ಗುಬ್ಬಿ ಕಡೆಯ ಶೇರ್ ಆಟೋ ಬಂದು ನಿಂತಾಗ, ಮುಂದಿನ ಸೀಟಿನಲ್ಲಿ ಡ್ರೈವರ್ ಪಕ್ಕ ಅರ್ಧ ಜಾಗವಿತ್ತು. ಒಂದು ಕೈಯಲ್ಲಿ ಬಾಟಲಿ ಹಿಡಿದು ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು ಕೂತಳು. ಹಣ್ಣಿನ ಬುಟ್ಟಿಯನ್ನು ಬಸ್ಸಿನಲ್ಲೇ ಬಿಟ್ಟಿದ್ದೇನೆಂದು ಆಮೇಲೆ ಹೊಳೆಯಿತು. ಹೋಗಲಿ.

ಹಾಲುಕಟ್ಟೆ ತಲುಪಿದಾಗ ಶಾಮಿಯಾನದ ಒಂದು ಬದಿ ಬಿಚ್ಚಿತ್ತು. ಜೆಸಿಬಿ ನೀರಿನಂಚಿಗೆ ಇಳಿದಿತ್ತು. ಅದರ ಹಲ್ಲುಗಳಿಂದ ಹಸಿರು ಎಳೆಗಳು ಒದ್ದೆ ಕೂದಲಿನಂತೆ ಜೋತುಬಿದ್ದಿದ್ದವು. ಏರಿಯ ಮೇಲೆ ಆಗಲೇ ಒಂದು ದೊಡ್ಡ ಗುಡ್ಡೆ ಬಿದ್ದು, ಅದರಿಂದ ನೀರು ಇಳಿದು ಮಣ್ಣಿನಲ್ಲಿ ಕಾಲುವೆ ಮಾಡಿಕೊಂಡು ಮತ್ತೆ ಕೆರೆಗೇ ಹೋಗುತ್ತಿತ್ತು. ಜೈಬಾ ಗುಡ್ಡೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಕೈಗೆ ಸಿಕ್ಕಷ್ಟನ್ನು ಬಕೆಟ್ಟಿಗೆ ತುಂಬುತ್ತಿದ್ದಳು. ಸುಬ್ಬಲಕ್ಷ್ಮಮ್ಮ ಅವಳನ್ನು ಕೂಗಲಿಲ್ಲ, ನೇರವಾಗಿ ಜೆಸಿಬಿಯ ಮುಂದೆ ಹೋಗಿ ನಿಂತು ಕೈ ಎತ್ತಿದಳು. ಡ್ರೈವರ್ ಚಂದ್ರು ಎಂಜಿನ್ ಆರಿಸಿ ತಲೆ ಹೊರಗೆ ಹಾಕಿದ. "ಏನ್ ಹನುಮಂತರಾಜಣ್ಣ, ಹಾಕ್ಲಾ ಬ್ಯಾಡ್ವಾ? ಇವ್ರು ಅಡ್ಡ ನಿಂತವ್ರೆ."

ಹನುಮಂತರಾಜು ಊಟದ ಎಲೆ ಎತ್ತಿಸುತ್ತಿದ್ದವನು ಓಡಿಬಂದ. "ಏನ್ ಮೇಡಮ್ಮೋರೆ, ಏನಾರ ಮರೆತು ಹೋಗಿದ್ರಾ?"

"ಮೈಕು ಇದೆಯೇನಪ್ಪ?"

"ಬಿಚ್ಚುತಾವ್ರೆ. ಯಾಕೆ?"

"ಮತ್ತೆ ಕಟ್ಟಿಸು. ಮೈಕಲ್ಲಿ ಹೇಳಿದ್ದನ್ನ ಮೈಕಲ್ಲೇ ವಾಪಸ್ ತಗೋಬೇಕು."

ಅವನಿಗೆ ಅರ್ಥವಾಗಲಿಲ್ಲವಾದರೂ ಹಳೆಯ ಕೊನೆಯ ಬೆಂಚಿನ ಹುಡುಗ ಅವನೊಳಗೆ ಎಲ್ಲೋ ಇದ್ದ. ಕಟ್ಟಿಸಿದ. ಬೀಡಾ ಜಗಿಯುತ್ತ ಮರದ ನೆರಳಲ್ಲಿ ಕೂತಿದ್ದವರು ಎದ್ದು ಬಂದರು. ಸುಬ್ಬಲಕ್ಷ್ಮಮ್ಮ ಮೈಕನ್ನು ಬಾಯಿಯ ಹತ್ತಿರಕ್ಕೆ ಹಿಡಿದಳು. ಅದು ಕಿರ್ರೆಂದಿತು. "ಬೆಳಿಗ್ಗೆ ನಾನು ಇದನ್ನ ಕಬೊಂಬಾ ಅಂದೆ. ಅದು ತಪ್ಪು" ಎಂದಳು. ಒಂದು ಕ್ಷಣ ಬೆಳ್ಳಾವಿಯ ಬೀದಿ ಎದುರಿಗೆ ನಿಂತಂತಾಯಿತು. "ನಾನು ಬಗ್ಗಿ ನೋಡ್ಲಿಲ್ಲ. ಏರಿ ಮೇಲಿಂದ ನೋಡಿ ಹೇಳ್ದೆ. ಇದು ಹೊರಗಿನದಲ್ಲ, ಈ ಕೆರೆದೇ. ಮೊದಲಿಂದ ಇಲ್ಲೇ ಇರೋದು. ಇದು ಗೊತ್ತಿದ್ದವರು ಬೆಳಿಗ್ಗೆ ಇಲ್ಲೇ ಇದ್ರು. ನಾನು ಅವರನ್ನ ಮಾತಾಡಕ್ಕೆ ಬಿಡ್ಲಿಲ್ಲ. ಜೈಬಾ, ಬಾಮ್ಮ ಇಲ್ಲಿ. ನೀನು ಹೇಳು."

ಜೈಬಾ ಬಕೆಟ್ಟಿನ ಸಮೇತ ಬಂದಳು. ಮೈಕು ಬೇಡವೆಂದಳು, ತರಗತಿಯಲ್ಲಿ ಮಾತಾಡಿ ಅವಳ ದನಿ ಗಟ್ಟಿಯಾಗಿತ್ತು. ಒಂದು ಎಳೆಯನ್ನು ಅಂಗೈಯ ನೀರಿನಲ್ಲಿ ಹರಡಿ ಹಿಡಿದು, "ಇದರ ಮೈಮೇಲಿರೋ ಈ ಸಣ್ಣ ಗುಳ್ಳೆಗಳು ಕಾಣ್ತಾವಾ? ಒಂದೊಂದಕ್ಕೂ ಒಂದು ಬಾಗಿಲಿದೆ. ನೀರಿನ ಹುಳ ಬಂದು ಬಾಗಿಲ ಕೂದಲು ಮುಟ್ಟಿದ್ರೆ, ಕಣ್ಣು ಮಿಟುಕಿಸೋದ್ರೊಳಗೆ ಒಳಕ್ಕೆ ಎಳ್ಕೊಳ್ಳುತ್ತೆ" ಎಂದಳು.

"ಅಂದ್ರೆ ಈ ಗಿಡ ಹುಳ ತಿಂತದಾ?" ಬೆಳಿಗ್ಗೆ ಶಿಳ್ಳೆ ಹಾಕಿದ ಹುಡುಗರಲ್ಲೊಬ್ಬ ಮುಂದೆ ನುಗ್ಗಿದ.

"ತಿನ್ನುತ್ತೆ. ಎಳೇ ಸೊಳ್ಳೆಮರೀನೂ ಬಿಡಲ್ಲ."

"ಅಯ್ಯೋ, ಇದ್ನ ನಮ್ಮೂರ್ ಚರಂಡಿಗೂ ಬುಡ್ಬೇಕು ಕಣ್ಲಾ" ಎಂದು ಯಾರೋ ಅಂದರು. ಈ ಸಲದ ನಗು ಬೇರೆ ಥರದ್ದು. ಚರಂಡಿ ನೀರಲ್ಲಿ ಇದು ಬದುಕಲ್ಲಣ್ಣ, ನೀರು ಚೆನ್ನಾಗಿದ್ರೆ ಮಾತ್ರ ಎಂದಳು ಜೈಬಾ. ಹನುಮಂತರಾಜು ಮಾತ್ರ ನಗಲಿಲ್ಲ. ಸುಬ್ಬಲಕ್ಷ್ಮಮ್ಮನನ್ನು ಪಕ್ಕಕ್ಕೆ ಕರೆದು, "ಜನ ಏನಂತಾರೆ ಮೇಡಮ್ಮೋರೆ? ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು" ಎಂದ. "ಮೇಡಂಗೆ ವಯಸ್ಸಾಯ್ತು ಅಂತಾರೆ. ಅನ್ಲಿ" ಎಂದಳು. ಹಾಗೆಂದಾಗ ತನ್ನ ದನಿಯಲ್ಲಿ ಸಂಕಟದ ಬದಲು ಒಂದು ಥರದ ಠೇಂಕಾರವಿದ್ದದ್ದು ಅವಳಿಗೇ ಆಶ್ಚರ್ಯವಾಯಿತು. ಎಷ್ಟೋ ವರ್ಷ ಕಾಪಾಡಿಕೊಂಡು ಬಂದದ್ದು ಕೈತಪ್ಪಿ ಬಿದ್ದರೂ ಒಡೆಯಲಿಲ್ಲ. ಅವನು ತಲೆ ಕೆರೆದುಕೊಂಡು, ಕೊನೆಗೆ ಚಂದ್ರುವಿನ ಕಡೆ ತಿರುಗಿ, "ಆ ಕಡೆ ತೂಬಿನ ಹತ್ರ ಬರೀ ಪ್ಲಾಸ್ಟಿಕ್ಕು, ಹೂಳು ಅದೆ. ಅದ್ನ ಎತ್ತು. ಈ ಕಡೆ ಮುಟ್ಬೇಡ" ಎಂದ. ಹುಡುಗರು ಕೇಳದೆಯೇ ಗುಡ್ಡೆಗೆ ಕೈಹಾಕಿ, ಇನ್ನೂ ಹಸಿಯಾಗಿದ್ದದ್ದನ್ನು ನೀರಿಗೆ ತಳ್ಳತೊಡಗಿದರು.

ಜೈಬಾ ಹತ್ತಿರ ಬಂದು ನಿಂತಳು. "ಬೆಳಿಗ್ಗೆ ನಾನಂದ ಮಾತು, ಹೊರಗಿನದು ಅಂತ…" ಎಂದು ಸುಬ್ಬಲಕ್ಷ್ಮಮ್ಮ ಶುರುಮಾಡಿದಳು. ಜೈಬಾ ನೀರು ನೋಡುತ್ತಲೇ, "ಅಭ್ಯಾಸ ಆಗಿದೆ ಮೇಡಂ. ಆದ್ರೆ ನಿಮ್ಮ ಬಾಯಿಂದ ಅಭ್ಯಾಸ ಇರ್ಲಿಲ್ಲ" ಎಂದಳು. ಸುಬ್ಬಲಕ್ಷ್ಮಮ್ಮ ಅವಳ ಒದ್ದೆ ಕೈ ಹಿಡಿದುಕೊಂಡಳು, ಜೈಬಾ ಬಿಡಿಸಿಕೊಳ್ಳಲಿಲ್ಲ. ಆಮೇಲೆ ಅವಳೇ, "ಇದು ಔರಿಯಾ ಅನ್ನೋ ಜಾತಿ ಇರಬೇಕು ಮೇಡಂ. ನಮ್ಮ ಕಡೆ ಹಳದಿ ಹೂವಿಂದು ಅದೇ ಅಲ್ವಾ ಜಾಸ್ತಿ" ಎಂದಳು. "ಹೂವಿನ ಕಾಂಡ ಮುಟ್ಟಿ ನೋಡಿದೀಯಾ?" "ಇಲ್ಲ. ಹೂವೆಲ್ಲ ಒಳಗಿದಾವೆ. ಜೆಸಿಬಿ ತೆಗೆದದ್ದರಲ್ಲಿ ಹೂವಿನ ಕಾಂಡ ಎಲ್ಲ ಮುರಿದುಹೋಗಿದೆ."

ಸುಬ್ಬಲಕ್ಷ್ಮಮ್ಮ ಚಪ್ಪಲಿ ಬಿಟ್ಟಳು. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ನೀರಿಗೆ ಕಾಲಿಟ್ಟಾಗ ಏರಿಯ ಮೇಲಿದ್ದವರು ಅಯ್ಯಯ್ಯೋ ಎಂದರು. ಕೆಸರು ಬೆಚ್ಚಗಿತ್ತು, ಬೆರಳುಗಳ ನಡುವೆ ಮೇಲೆ ಬಂತು. ಮಂಡಿಯ ನೋವು ನೀರಿನೊಳಗೆ ಹಗುರವಾಯಿತು. ಕೈಗೆಟಕುವ ಮೊದಲ ಹೂವಿನವರೆಗೆ ಹೋದಳು. ಎಷ್ಟು ಚಿಕ್ಕದು ಅದು, ತುಟಿ ಮುಂದೆ ಮಾಡಿದ ಮಗುವಿನ ಬಾಯಿಯ ಹಾಗೆ. ಕೀಳಲಿಲ್ಲ. ಹೂವಿನ ಕಾಂಡದ ಗುಂಟ ಬೆರಳನ್ನು ಕೆಳಕ್ಕೆ ಜಾರಿಸಿದಳು. ನೀರಿನ ಮಟ್ಟದಲ್ಲಿ ಬೆರಳಿಗೆ ಏನೋ ತಡೆಯಿತು. ಗಾಳಿ ತುಂಬಿ ಉಬ್ಬಿದ ಪುಟ್ಟ ಪುಟ್ಟ ಕೊಳವೆಗಳು, ಕಾಂಡದ ಸುತ್ತ ಚಕ್ರದ ಕಡ್ಡಿಗಳಂತೆ ಹರಡಿ ಹೂವನ್ನು ನೀರಿನ ಮೇಲೆ ಎತ್ತಿ ಹಿಡಿದಿದ್ದವು. ಕಣ್ಣು ಮುಚ್ಚಿ ಇನ್ನೊಮ್ಮೆ ಮುಟ್ಟಿದಳು. ಹೆಸರು ಗಂಟಲಿನವರೆಗೆ ಬಂತು. ಅವಳು ಅದನ್ನು ಅಲ್ಲೇ ತಡೆದಳು.

"ಜೈಬಾ, ಬಾ ಇಲ್ಲಿ. ನಂಗೊಂದು ಸಿಕ್ಕಿದೆ. ಏನು ಅಂತ ನೀನು ಮುಟ್ಟಿ ಹೇಳು."

ಜೈಬಾ ಚೂಡಿದಾರದ ಕಾಲು ಮಡಿಸಿಕೊಂಡು ಇಳಿದು ಬಂದಳು. ಅವಳ ಬೆರಳು ಸುಬ್ಬಲಕ್ಷ್ಮಮ್ಮನ ಬೆರಳಿನ ಪಕ್ಕದಲ್ಲೇ ನೀರಿಗಿಳಿಯಿತು. ಒಂದು ಕ್ಷಣ. ಆಮೇಲೆ ಅವಳ ಮುಖ ಅರಳಿತು. "ಮೇಡಂ, ತೇಲುಗುಳ್ಳೆ! ಸುತ್ತಲೂ ಇದಾವೆ. ಔರಿಯಾಗೆ ಮೇಲೆ ಹಿಂಗೆ ಚಕ್ರ ಇರಲ್ಲ. ಇದು ಸ್ಟೆಲ್ಲಾರಿಸ್. ಸ್ಟೆಲ್ಲಾರಿಸ್ ಅಲ್ವಾ?"

"ನಂಗೂ ಹಾಗೇ ಅನ್ನಿಸ್ತು. ಇನ್ನೊಂದಷ್ಟು ಹೂವು ನೋಡೋಣ. ಎಲ್ಲದಕ್ಕೂ ಇದ್ರೆ ಹೌದು."

ಜೈಬಾ ಏರಿಯ ಕಡೆ ತಿರುಗಿ ಕೂಗಿ ಹೇಳತೊಡಗಿದಳು, ನಕ್ಷತ್ರದ ಹೆಸರಿನ ಗಿಡ, ನಮ್ಮ ಕೆರೆಯದು, ನಾಳೆ ಸ್ಕೂಲಿನ ಮಕ್ಕಳನ್ನೆಲ್ಲ ಕರ್ಕೊಂಡು ಬರ್ತೀನಿ ಎಂದು. ಹನುಮಂತರಾಜು ಫೋನಿನಲ್ಲಿ ಫೋಟೋ ತೆಗೆಯುತ್ತ, ಟೀಚರಮ್ಮ, ಇನ್ನೊಂದ್ಸಲ ಹೆಸ್ರು ಹೇಳಿ, ಗ್ರೂಪಿಗೆ ಹಾಕ್ಬೇಕು ಎಂದು ಕೇಳುತ್ತಿದ್ದ. ಬೆಳಿಗ್ಗೆ ತನ್ನನ್ನು ಕೇಳಿದ್ದ ಅದೇ ದನಿಯಲ್ಲಿ ಅವನು ಈಗ ಜೈಬಾಳನ್ನು ಕೇಳುತ್ತಿದ್ದಾನೆ. ಅದು ಚುಚ್ಚಬಹುದೆಂದು ಸುಬ್ಬಲಕ್ಷ್ಮಮ್ಮ ಕಾದಳು. ಚುಚ್ಚಲಿಲ್ಲ. ಇವಳಿಗೆ ಕಲಿಸಿದವಳು ನಾನು ಎಂಬ ಹೆಮ್ಮೆಗೆ ಅಪ್ಪನ ಮೀಸೆಯ ಹೆಮ್ಮೆಯಷ್ಟು ಸದ್ದಿರಲಿಲ್ಲ. ಅದು ಅವಳ ಬೆನ್ನನ್ನು ನೆಟ್ಟಗೆ ಮಾಡಿ ನಿಲ್ಲಿಸಿತು, ಅಷ್ಟೇ.

"ಸಾಕು ಬನ್ನಿ ಮೇಡಮ್ಮೋರೆ, ಕೈ ಕೊಡಿ" ಎಂದು ಹನುಮಂತರಾಜು ಅಂಚಿನಿಂದ ಬಗ್ಗಿದ. "ಅಲ್ಲಿಂದ ಮುಂದಕ್ಕೆ ಆಳ ಅದೆ."

"ಇರ್ಲಪ್ಪ" ಎಂದಳು ಸುಬ್ಬಲಕ್ಷ್ಮಮ್ಮ. ಸೀರೆಯನ್ನು ಇನ್ನಷ್ಟು ಮೇಲಕ್ಕೆ ಸಿಕ್ಕಿಸಿಕೊಂಡು, ಕಾಲಿನಿಂದ ಕೆಸರು ತಡಕುತ್ತ, ಮುಂದಿನ ಹೂವಿನ ಕಡೆಗೆ ಹೆಜ್ಜೆ ಹಾಕಿದಳು.